ಹಳೆಯ ಪುಟ ತಿದ್ದುವ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎಲ್ಲರಿಗೂ ಗೊತ್ತು. ಹಳೆಯ ಮನೆಯನ್ನು ರಿಪೇರಿ ಮಾಡಿಸುವವರ ಪಾಡಿಗೆ ಮಾತ್ರ ಗಾದೆಯಿಲ್ಲ. ಒಂದು ಹೆಂಚು ಬದಲಿಸಲು ಮಾಡು ಹತ್ತಿದವನು ಹತ್ತು ಹೆಂಚು ಒಡೆದು ಇಳಿಯುವುದುಂಟು. ಅಂತರಜಾಲದ ಪುಟಗಳ ವಿಷಯದಲ್ಲೂ ಹೀಗೇ ಆಗಿದೆ. ಹೊಸ ಪುಟ ರಚಿಸುವ ಸಾಧನಗಳು ಬೇಗ ಬಂದವು. ಇದ್ದ ಪುಟವನ್ನು ಕೆಡಿಸದೆ ತಿದ್ದುವ ಸಾಧನಕ್ಕಾಗಿ ಜಗತ್ತು ಬಹಳ ಕಾಲ ಕಾಯಬೇಕಾಯಿತು.

ವೆಬ್ ಪುಟವೆಂದರೆ ಪರದೆಯ ಮೇಲೆ ಕಾಣುವಷ್ಟೇ ಅಲ್ಲ. ಯಾವುದು ಶೀರ್ಷಿಕೆ, ಎಲ್ಲಿ ಚಿತ್ರ, ಯಾವ ಪದ ಒತ್ತಿದರೆ ಇನ್ನೊಂದು ಪುಟ ತೆರೆಯಬೇಕು ಎಂಬುದನ್ನೆಲ್ಲ ಎಚ್‌ಟಿಎಂಎಲ್ ಎಂಬ ಸಂಕೇತ ಭಾಷೆಯಲ್ಲಿ ತೆರೆಯ ಹಿಂದೆ ಬರೆದಿರುತ್ತಾರೆ. ಈ ಸಂಕೇತಗಳ ಗೋಜಿಲ್ಲದೆ, ಪುಟ ಹೇಗೆ ಕಾಣುತ್ತದೋ ಹಾಗೆಯೇ ಅದರ ಮೇಲೆ ತಿದ್ದಲು ಬಿಡುವ ತಂತ್ರಾಂಶವೇ ವಿಷುಯಲ್ ಎಡಿಟರ್.

ಇದು ಆಮೇಲೆ ಹೊಳೆದ ಸೌಕರ್ಯವಲ್ಲ ಎಂಬುದು ಸ್ವಾರಸ್ಯಕರ ಸಂಗತಿ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ರೂಪಿಸಿದ ಮೊಟ್ಟಮೊದಲ ಬ್ರೌಸರಿನಲ್ಲಿ ಪುಟ ಓದುವುದಷ್ಟೇ ಅಲ್ಲ, ತಿದ್ದುವುದೂ ಸಾಧ್ಯವಿತ್ತು. ಆದರೆ ಅದು ನಡೆಯುತ್ತಿದ್ದುದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಮೊಸಾಯಿಕ್ ಬ್ರೌಸರ್ ವೆಬ್ಬನ್ನು ಜನಪ್ರಿಯಗೊಳಿಸಿತು. ಅದರಲ್ಲಿ ಪುಟ ತಿದ್ದುವ ಸೌಲಭ್ಯ ಇರಲಿಲ್ಲ. ಓದುವವರು ಒಂದು ಕಡೆ, ಸಂಕೇತ ಬಲ್ಲ ಬರೆಯುವವರು ಇನ್ನೊಂದು ಕಡೆ ಎಂದಾಯಿತು.

ಈ ಕಂದಕಕ್ಕೆ ಸೇತುವೆ ಕಟ್ಟಲು ಹೊರಟ ತಂತ್ರಾಂಶಗಳಲ್ಲಿ ಫ್ರಂಟ್‌ಪೇಜ್ ಮುಖ್ಯವಾದುದು. ವರ್ಮೀರ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪೆನಿ 1995ರಲ್ಲಿ ಅದನ್ನು ಹೊರತಂದಿತು. ಮರುವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಕಂಪೆನಿಯನ್ನೇ ಕೊಂಡಿತು. ವರ್ಡ್ ಬಳಸಿ ಅಭ್ಯಾಸವಿದ್ದ ಗುಮಾಸ್ತರೂ ಅಧ್ಯಾಪಕರೂ ವೆಬ್ ಪುಟ ಮಾಡಲು ಶುರುಮಾಡಿದರು. ಆದರೆ ಬೇರೆಯವರು ಕೈಯಾರೆ ಬರೆದ ಪುಟವನ್ನು ಅದರಲ್ಲಿ ತೆರೆದು ಉಳಿಸಿದರೆ, ತಂತ್ರಾಂಶ ಇಡೀ ಸಂಕೇತವನ್ನು ತನ್ನ ಪದ್ಧತಿಗೆ ತಿರುಗಿಸಿ ಬರೆಯುತ್ತಿತ್ತು. ಒಂದು ದೂರವಾಣಿ ಸಂಖ್ಯೆ ಬದಲಿಸಲು ಹೋದವರಿಗೆ ಪುಟದ ಒಳರಚನೆಯೇ ಬದಲಾಗಿರುತ್ತಿತ್ತು.

ಈ ನೋವನ್ನು ಗುರುತಿಸಿದ್ದು 1997ರ ಡಿಸೆಂಬರಿನಲ್ಲಿ ಮ್ಯಾಕ್ರೋಮೀಡಿಯಾ ಹೊರತಂದ ಡ್ರೀಮ್‌ವೀವರ್. ‘ರೌಂಡ್‌ಟ್ರಿಪ್’ ಎಂಬುದು ಅದರ ಹೆಗ್ಗಳಿಕೆ. ಸಂಕೇತದಿಂದ ಚಿತ್ರರೂಪಕ್ಕೆ, ಚಿತ್ರರೂಪದಿಂದ ಮತ್ತೆ ಸಂಕೇತಕ್ಕೆ ಹೋಗಿ ಬಂದರೂ ಬರೆದವನ ಸಾಲುಗಳು ಹಾಗೆಯೇ ಉಳಿಯಬೇಕೆಂಬುದು ಅದರ ಆಶಯ. ವೃತ್ತಿಪರರು ಅದನ್ನು ಮೆಚ್ಚಲು ಇದೂ ಒಂದು ಕಾರಣ.

ಆದರೂ ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. 2013ರ ಜುಲೈಯಲ್ಲಿ ಇಂಗ್ಲಿಷ್ ವಿಕಿಪೀಡಿಯಾ ತನ್ನ ನೋಂದಾಯಿತ ಸಂಪಾದಕರೆಲ್ಲರ ಮುಂದೆ ವಿಷುಯಲ್ ಎಡಿಟರನ್ನು ಇರಿಸಿತು. ಸಂಕೇತಕ್ಕೆ ಹೆದರುವ ಹೊಸಬರನ್ನು ಕರೆತರುವ ಒಳ್ಳೆಯ ಉದ್ದೇಶವೇ ಅದಕ್ಕಿತ್ತು. ಆದರೆ ಲೇಖನಗಳಲ್ಲಿ ಬೇಡದ ಸಂಕೇತಗಳು ಸೇರಿಕೊಳ್ಳತೊಡಗಿದವು. ಅವನ್ನು ತೆಗೆಯುವ ಕೆಲಸ ಹಳಬರ ಹೆಗಲಿಗೆ ಬಿತ್ತು. ಪ್ರತಿಭಟನೆ ಎದ್ದಿತು, ಸೆಪ್ಟೆಂಬರಿನಲ್ಲಿ ಆ ವ್ಯವಸ್ಥೆಯನ್ನು ಬೇಕಾದವರು ಮಾತ್ರ ಆರಿಸಿಕೊಳ್ಳುವಂತೆ ಬದಲಿಸಬೇಕಾಯಿತು. ಅದರ ಹಿಂದಿದ್ದ ಪಾರ್ಸಾಯ್ಡ್ ಎಂಬ ತಂತ್ರಾಂಶ ಅನುಸರಿಸಿದ ಉಪಾಯ ಸರಳವಾದುದು. ತಿದ್ದಿದ ಭಾಗವನ್ನಷ್ಟೇ ಹೊಸದಾಗಿ ಬರೆಯುವುದು, ಮುಟ್ಟದ ಭಾಗವನ್ನು ಮೂಲದಿಂದ ಹಾಗೆಯೇ ನಕಲಿಸುವುದು. ಈ ಉಪಾಯವನ್ನು ಕ್ರಮೇಣ ಪಕ್ವಗೊಳಿಸಲಾಯಿತು.

ಕನ್ನಡಿಗರಿಗೂ ಇಲ್ಲೊಂದು ಪಾಠವಿದೆ. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಕೆಲವು ಎಡಿಟರ್‌ಗಳು ಪುಟ ಉಳಿಸುವಾಗ ಅಕ್ಷರದ ಬದಲು ಇಂಥ ಸಂಖ್ಯೆಗಳನ್ನೇ ಬರೆದಿಡುತ್ತಿದ್ದವು. ಪರದೆಯ ಮೇಲೆ ವ್ಯತ್ಯಾಸವೇನೂ ಕಾಣದು. ಸಂಕೇತ ತೆರೆದು ನೋಡಿದರೆ ಕನ್ನಡ ಮಾಯವಾಗಿ ಅಂಕಿಗಳ ಸಾಲು ಉಳಿದಿರುತ್ತದೆ. ಮುಂದೆ ಕೈಯಿಂದ ತಿದ್ದಬೇಕಾದವನು ಅದನ್ನು ಓದುವುದಾದರೂ ಹೇಗೆ?

ಹಾಗಾದರೆ ಶಾಲೆಯದೋ ಸಂಘದ್ದೋ ಹಳೆಯ ಪುಟಗಳನ್ನು ನೋಡಿಕೊಳ್ಳುವವರು ಯಾವ ಎಡಿಟರನ್ನು ಆರಿಸಬೇಕು? ಎಷ್ಟು ಗುಂಡಿಗಳಿವೆ, ಎಷ್ಟು ಸಿದ್ಧ ಮಾದರಿಗಳಿವೆ ಎಂದು ಎಣಿಸುವುದು ನಂತರದ ಮಾತು. ಮೊದಲು ಪುಟದ ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು. ಎಡಿಟರಿನಲ್ಲಿ ತೆರೆದು ಒಂದೇ ಒಂದು ಪದ ಬದಲಿಸಿ ಉಳಿಸಬೇಕು. ಬಳಿಕ ಎರಡರ ಸಂಕೇತಗಳನ್ನೂ ಹೋಲಿಸಿ ನೋಡಬೇಕು. ಈ ಹೋಲಿಕೆಗೆಂದೇ ಉಚಿತ ತಂತ್ರಾಂಶಗಳಿವೆ. ಬದಲಾದದ್ದು ಆ ಪದವಿದ್ದ ಸಾಲು ಮಾತ್ರವಾದರೆ ಆ ಎಡಿಟರನ್ನು ನಂಬಬಹುದು. ಹಿಂದೆ ಯಾರೋ ಶ್ರಮಪಟ್ಟು ಬರೆದದ್ದನ್ನು ಮುಟ್ಟದೆ ಬಿಡುವುದೂ ತಿದ್ದುವವನ ಕಸುಬಿಗೆ ಸೇರಿದ್ದೇ.