ಗುರುಮಠದ ಬಾಗಿಲಲ್ಲಿ ಒಂದು ಪ್ರಶ್ನೆ

ಓದುಗರೇ, ಪರದೆಯ ಮೇಲೆ ಮಾತು ಬೇಗ ಸರಿದುಹೋಗುತ್ತದೆ. ಅಲ್ಲಿ ಅರ್ಧ ಹೇಳಿ ಬಿಟ್ಟ ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಪ್ರಶ್ನೆ ಇಷ್ಟೇ: ದೇವರ ಸೇವೆಗೆಂದು ಮನೆ ಬಿಟ್ಟು ಗುರುಮಠ ಸೇರಿದ ಹುಡುಗನೊಬ್ಬನಿಗೆ, ಓದಿನ ಮಧ್ಯದಲ್ಲಿ, ತನ್ನ ಮನಸ್ಸು ಒಲಿಯುವುದು ಗಂಡಸರಿಗೇ ಎಂದು ಖಚಿತವಾದರೆ ಅವನು ಆ ಮಾತನ್ನು ಯಾರಿಗೆ ಹೇಳಬೇಕು? ಹೇಳಿದರೆ ಏನಾಗುತ್ತದೆ?

ಇದು ದೂರದ ಊರಿನ ಸಮಸ್ಯೆ ಎಂದು ನೀವು ಪುಟ ತಿರುಗಿಸಬೇಡಿ. 1985ರಲ್ಲಿ ಮೊದಲ ವಿದ್ಯುತ್ ಘಟಕ ಉರಿದ ನಮ್ಮ ಶಕ್ತಿನಗರಕ್ಕೆ ಎಲ್ಲೆಲ್ಲಿಂದಲೋ ನೌಕರರು ಬಂದರು, ಅವರ ಜೊತೆ ಅವರವರ ದೇವರೂ ಬಂದರು. ಆದರೆ ರಾಯಚೂರು ಸೀಮೆಗೆ ಕ್ರೈಸ್ತ ಧರ್ಮ ಅದಕ್ಕೂ ಬಹಳ ಹಿಂದಿನದು. ಮುದಗಲ್ಲಿನ ಕಥೋಲಿಕ ಸಮುದಾಯ ಬಿಜಾಪುರದ ಸುಲ್ತಾನರ ಕಾಲದಷ್ಟು ಹಳೆಯದು. ನೆರೆಯ ಯಾದಗಿರಿ, ಬೀದರಗಳಲ್ಲಿ ಮೆಥೋಡಿಸ್ಟರು ಶಾಲೆ, ಆಸ್ಪತ್ರೆ ಕಟ್ಟಿದರು. ರಾಯಚೂರಿನ ಕಥೋಲಿಕರು 1949ರಲ್ಲಿ ರಚನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದವರು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲೂ ಕ್ರೈಸ್ತ ಕುಟುಂಬಗಳಿವೆ. ಅಂಥ ಮನೆಯಿಂದ ಒಬ್ಬ ಮಗ ಗುರುವಾಗಲು ಹೊರಟರೆ ಅದು ಓಣಿಗೇ ಹೆಮ್ಮೆ. ಅರ್ಧಕ್ಕೆ ಮರಳಿ ಬಂದರೆ ಆ ಹೆಮ್ಮೆಯೇ ತಲೆ ಎತ್ತದಂತೆ ಮಾಡುತ್ತದೆ. ಹುಡುಗ ಬಾಯಿ ಬಿಡದಿರಲು ಅರ್ಧ ಕಾರಣ ಇದು.

ಇನ್ನರ್ಧ ಕಾರಣ ನಿಯಮದಲ್ಲಿದೆ. 1879ರಲ್ಲಿ ಆರಂಭವಾದ, ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠವಿರಲಿ, ಬೆಂಗಳೂರು ಮಲ್ಲೇಶ್ವರದ ಸಂತ ಪೇತ್ರರ ಗುರುಮಠವಿರಲಿ, ಕಥೋಲಿಕ ಗುರುಗಳ ತರಬೇತಿ ರೋಮ್‌ನ ಚೌಕಟ್ಟಿನಲ್ಲೇ ನಡೆಯುತ್ತದೆ. ತತ್ತ್ವಶಾಸ್ತ್ರ, ದೈವಶಾಸ್ತ್ರ, ನಡುವೆ ಸೇವಾನುಭವದ ಅವಧಿ, ಹೀಗೆ ಎಂಟು ಹತ್ತು ವರ್ಷ ಹಿಡಿಯುತ್ತದೆ. 2005ರ ನವೆಂಬರ್‌ನಲ್ಲಿ ವ್ಯಾಟಿಕನ್ನಿನ ಶಿಕ್ಷಣ ಇಲಾಖೆ ಒಂದು ಸೂಚನೆ ಹೊರಡಿಸಿತು. ಸಲಿಂಗ ಸಂಬಂಧ ನಡೆಸುವವರನ್ನು ಮಾತ್ರವಲ್ಲ, ಆ ಒಲವು ಆಳವಾಗಿ ಬೇರೂರಿದವರನ್ನೂ ಗುರುಮಠಕ್ಕೆ ಸೇರಿಸಿಕೊಳ್ಳಬಾರದು ಎಂಬುದು ಅದರ ತಿರುಳು. ಹರೆಯದ ತಾತ್ಕಾಲಿಕ ಒಲವಾದರೆ, ಉಪಯಾಜಕ ದೀಕ್ಷೆಗೆ ಮೂರು ವರ್ಷ ಮೊದಲಾದರೂ ಅದರಿಂದ ಹೊರಬಂದಿರಬೇಕು. 2016ರ ತರಬೇತಿ ಸಂಹಿತೆ ಇದನ್ನೇ ಮತ್ತೆ ಹೇಳಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಥೋಲಿಕ ಗುರು ಹೇಗೂ ಬ್ರಹ್ಮಚಾರಿ. ಹೆಣ್ಣಿಗೆ ಒಲಿಯುವವನೂ ಗಂಡಿಗೆ ಒಲಿಯುವವನೂ ಒಂದೇ ವ್ರತ ತೊಡುತ್ತಾರೆ. ಹಾಗಿರುವಾಗ ಒಬ್ಬನ ವ್ರತ ನಂಬಿಕೆಗೆ ಅರ್ಹ, ಇನ್ನೊಬ್ಬನದು ಅಲ್ಲ ಎಂಬುದು ಹೇಗೆ? ಸೂಚನೆ ಕೊಡುವ ಉತ್ತರ, ಗಂಡಸರೊಡನೆಯೂ ಹೆಂಗಸರೊಡನೆಯೂ ಸರಿಯಾಗಿ ಬೆರೆಯುವ ಶಕ್ತಿಗೆ ಆ ಒಲವು ಅಡ್ಡಿ ಎಂಬುದು. ನನಗಂತೂ ಇದು ವಾದಕ್ಕಿಂತ ಅನುಮಾನದಂತೆ ಕಾಣುತ್ತದೆ.

ಅದಕ್ಕಿಂತ ಬಿಗಿಯಾದ ಗಂಟು ಮುಂದಿದೆ. ದೀಕ್ಷೆ ಪಡೆಯಲೆಂದು ತನ್ನ ಒಲವನ್ನು ಮುಚ್ಚಿಡುವುದು ಘೋರ ಅಪ್ರಾಮಾಣಿಕತೆ ಎಂದೂ ಅದೇ ಸೂಚನೆ ಹೇಳುತ್ತದೆ. ಹುಡುಗನಿಗೆ ಹೇಳಿಕೊಳ್ಳಲು ಸ್ಥಳವೇನೋ ಇದೆ: ಪಾಪನಿವೇದನೆಯ ಪೀಠ, ಆಧ್ಯಾತ್ಮಿಕ ನಿರ್ದೇಶಕರ ಕೋಣೆ. ದೀಕ್ಷೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವಾಗ ಇವರಿಬ್ಬರ ಅಭಿಪ್ರಾಯವನ್ನು ಎಂದೂ ಕೇಳಕೂಡದೆಂದು ಧರ್ಮಸಭೆಯ ಕಾನೂನೇ ಕಟ್ಟುಮಾಡಿದೆ. ಆದರೆ ಹಾಗೆ ಹೇಳಿಕೊಂಡವನನ್ನು ದೀಕ್ಷೆಯಿಂದ ಹಿಂದೆಗೆಯುವಂತೆ ಮನವೊಲಿಸುವುದು ಅವರ ಆತ್ಮಸಾಕ್ಷಿಯ ಕರ್ತವ್ಯವೆಂದು 2005ರ ಸೂಚನೆ ಬರೆಯಿತು. ಗುಟ್ಟು ಹೊರಬೀಳುವುದಿಲ್ಲ, ಹುಡುಗ ಹೊರಬೀಳುತ್ತಾನೆ. ಸುಮ್ಮನಿದ್ದರೆ ಸುಳ್ಳುಗಾರ, ಹೇಳಿದರೆ ಅನರ್ಹ. ಎಷ್ಟೋ ತರುಣರು ಈ ಎರಡರ ನಡುವೆ ವರ್ಷಗಟ್ಟಲೆ ಪ್ರಾರ್ಥಿಸುತ್ತ ಕುಳಿತಿದ್ದಾರೆಂದು ಊಹಿಸಲು ಅಂಕಿ ಅಂಶ ಬೇಕಿಲ್ಲ.

ಪ್ರೊಟೆಸ್ಟೆಂಟರ ಕಡೆ ಕತೆ ಬೇರೆ. ಅಲ್ಲಿ ಸಭಾಪಾಲಕ ಮದುವೆಯಾಗಬಹುದು. ಆದ್ದರಿಂದಲೇ ಮದುವೆಯಾಗದವನ ಮೇಲೆ ಸಭೆಯ ಹತ್ತು ಕಣ್ಣು! ಈ ಮೌನವನ್ನು ಬಹಿರಂಗವಾಗಿ ಮುರಿದವನು ಒಬ್ಬ ವಿದ್ಯಾರ್ಥಿಯೇ. ಅಮೆರಿಕದ ಬರ್ಕ್ಲಿಯ ಪೆಸಿಫಿಕ್ ಸ್ಕೂಲ್ ಆಫ್ ರಿಲಿಜನ್‌ನಲ್ಲಿ ಓದುತ್ತಿದ್ದ ವಿಲಿಯಂ ಜಾನ್ಸನ್ 1970ರಲ್ಲಿ ತಾನು ಸಲಿಂಗಿಯೆಂದು ಸಭೆಯೊಂದರಲ್ಲಿ ಎದ್ದು ಹೇಳಿದ. ದೀಕ್ಷೆಯ ಅರ್ಜಿಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಪ್ರಾದೇಶಿಕ ಸಂಘ ಚರ್ಚಿಸಿ ಮತ ಹಾಕಿತು, 62 ಪರ, 34 ವಿರುದ್ಧ. 1972ರ ಜೂನ್ 25ರಂದು ಅವನಿಗೆ ದೀಕ್ಷೆಯಾಯಿತು. ಅವನಿಗಿಂತ ಮುಂಚೆ, 1968ರಲ್ಲಿ, ತನ್ನ ಸಭೆಯಿಂದ ಹೊರಹಾಕಲ್ಪಟ್ಟ ಪ್ರಸಂಗಿ ಟ್ರಾಯ್ ಪೆರಿ ಲಾಸ್ ಏಂಜಲೀಸ್ ಬಳಿಯ ತನ್ನ ಮನೆಯಲ್ಲಿ ಹನ್ನೆರಡು ಜನರನ್ನು ಕೂಡಿಸಿ ಆರಾಧನೆ ನಡೆಸಿ ಬೇರೆಯೇ ಸಭೆ ಕಟ್ಟಿದ್ದ. ಒಬ್ಬ ಹೊರಗೆ ಹೋಗಿ ಮನೆ ಕಟ್ಟಿದ, ಇನ್ನೊಬ್ಬ ಒಳಗೇ ನಿಂತು ಬಾಗಿಲು ತಟ್ಟಿದ. ಗುರುಮಠದ ಹುಡುಗನಿಗೆ ಇಂದಿಗೂ ಇವೆರಡೇ ದಾರಿ ಕಾಣುತ್ತವೆ.

ಜಾನ್ಸನ್ನನಂಥವರು ವೇದಪಾಠವನ್ನು ಬದಿಗಿಡಲಿಲ್ಲ; ಇನ್ನೂ ಹತ್ತಿರದಿಂದ ಓದಿದರು. ಇಂಗ್ಲಿಷ್ ಬೈಬಲಿನಲ್ಲಿ ಸಲಿಂಗಕಾಮಿ ಎಂಬರ್ಥದ ಆಧುನಿಕ ಪದ ಮೊದಲು ಬಂದದ್ದು 1946ರ ಪರಿಷ್ಕೃತ ಅನುವಾದದಲ್ಲಿ. ಆ ಪದವೇ ಅಚ್ಚಿಗೆ ಬಂದದ್ದು 1869ರಲ್ಲಿ, ಜರ್ಮನ್ ಭಾಷೆಯಲ್ಲಿ. ಪೌಲನು ಕೊರಿಂಥದವರಿಗೆ ಬರೆದ ಗ್ರೀಕ್ ಪದಗಳು ಯಾರನ್ನು ಸೂಚಿಸುತ್ತವೆ ಎಂಬುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ. ಸೊದೋಮ್ ಪಟ್ಟಣದ ಪಾಪ ಯಾವುದೆಂದು ಯೆಹೆಜ್ಕೇಲನು ಹೇಳುವಾಗ ಸೊಕ್ಕು, ಹೊಟ್ಟೆಬಾಕತನ, ಬಡವರಿಗೆ ಕೈ ನೀಡದಿರುವುದು, ಇವನ್ನೇ ಮುಂದಿಡುತ್ತಾನೆ. ಇಷ್ಟರಿಂದ ಪ್ರಶ್ನೆ ತೀರಿತೆಂದಲ್ಲ. ಯಾಜಕಕಾಂಡದ ನಿಷೇಧವೂ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯವೂ ಅಲ್ಲೇ ಇವೆ, ಸಂಪ್ರದಾಯದವರು ಅವನ್ನು ಬಲವಾಗಿಯೇ ಹಿಡಿಯುತ್ತಾರೆ.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅಧ್ಯಾಪಕ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಕಡೆಗೆ ಎಂಬರ್ಥದ ಉಪನ್ಯಾಸ ಕೊಟ್ಟರು. ದಲಿತ ದೈವಶಾಸ್ತ್ರ ಮೊಳೆತದ್ದು ಅಲ್ಲಿಂದ. ಅವಮಾನ ಉಂಡವನು ತನ್ನ ಅನುಭವದ ನೆಲದ ಮೇಲೆ ನಿಂತೇ ವೇದಪಾಠ ಓದಬಹುದು, ಓದಬೇಕು ಎಂಬುದು ಅದರ ಧೈರ್ಯ. ನಿರ್ಮಲ್ ಸಲಿಂಗಿಗಳ ಬಗ್ಗೆ ಮಾತನಾಡಿರಲಿಲ್ಲ. ಆದರೆ ಮುಂದೆ ಭಾರತದ ದೈವಶಾಸ್ತ್ರಜ್ಞರು ಲಿಂಗ, ಲೈಂಗಿಕತೆಯ ಪ್ರಶ್ನೆ ಎತ್ತಿದಾಗ ಹಿಡಿದದ್ದು ಇದೇ ಓದುವ ಕ್ರಮವನ್ನು. ನಾಗಪುರದಲ್ಲಿ ಕೇಂದ್ರವಿರುವ ಭಾರತೀಯ ರಾಷ್ಟ್ರೀಯ ಕ್ರೈಸ್ತ ಸಭೆಗಳ ಪರಿಷತ್ತು ಈ ವಿಷಯದಲ್ಲಿ ಸಭಾಪಾಲಕರಿಗೂ ವಿದ್ಯಾರ್ಥಿಗಳಿಗೂ ಕಮ್ಮಟ ನಡೆಸಿದೆ, ಕೈಪಿಡಿ ತಂದಿದೆ. ರಾಯಚೂರಿನ ಅನೇಕ ಕ್ರೈಸ್ತರು ದಲಿತ ಮೂಲದವರೆಂಬುದನ್ನು ನೆನೆದರೆ, ಈ ಓದು ನಮ್ಮ ಹುಡುಗನಿಗೆ ಅಪರಿಚಿತವೇನಲ್ಲ.

ಇನ್ನೊಂದು ಮಾತು. ಅವನ ಊರಿನ ಜಾತ್ರೆಯಲ್ಲಿ ಯಲ್ಲಮ್ಮನ ಕೊಡ ಹೊತ್ತ ಜೋಗಪ್ಪರಿದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸಲಿಂಗಿಯೂ ಜೋಗಪ್ಪನೂ ಒಂದೇ ಅಲ್ಲ. ಜೋಗಪ್ಪರ ಬಾಳು ಸುಖದ್ದೆಂದೂ ನಾನು ಹೇಳುತ್ತಿಲ್ಲ. ಆದರೆ ದೇವಿ ಹಿಡಿದಳು ಎಂದರೆ ಊರು ಒಪ್ಪಿಕೊಳ್ಳುವ ಒಂದು ನುಡಿಗಟ್ಟಾದರೂ ಅಲ್ಲಿದೆ. ದೇವರು ಕರೆದ ಎಂದು ಗುರುಮಠ ಸೇರಿದವನಿಗೆ ಆ ಕರೆಯನ್ನೂ ತನ್ನ ಒಲವನ್ನೂ ಒಂದೇ ವಾಕ್ಯದಲ್ಲಿ ಹೇಳುವ ಮಾತು ಅವನ ಸಭೆಯ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಕಾನೂನಿನ ಕತೆ ನಿಮಗೆ ಗೊತ್ತಿರುವುದೇ. 1860ರ ದಂಡಸಂಹಿತೆಯ 377ನೇ ಕಲಮು ಇದನ್ನು ಅಪರಾಧವೆಂದಿತು. (ತಮಾಷೆಯೆಂದರೆ, 1853ರಲ್ಲಿ ಬ್ರಿಟಿಷರ ಕೈಸೇರಿದ್ದ ರಾಯಚೂರು ದೋಆಬ್ ನಿಜಾಮರಿಗೆ ಮರಳಿದ್ದೂ ಅದೇ 1860ರಲ್ಲಿ.) ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಅದನ್ನು ಸಡಿಲಿಸಿದಾಗ ಮೇಲ್ಮನವಿ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಲಮನ್ನು ಮರಳಿ ಎತ್ತಿಹಿಡಿದಾಗ, ಸಲಿಂಗಿಗಳನ್ನು ಧರ್ಮಸಭೆ ಅಪರಾಧಿಗಳೆಂದು ಎಣಿಸಿಲ್ಲ ಎಂದವರು ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್. ಸಲಿಂಗ ವಿವಾಹಕ್ಕೆ ಮಾತ್ರ ಅವರ ವಿರೋಧವಿತ್ತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧದ ಪಟ್ಟಿಯಿಂದ ಹೊರಬಂತು.

ಆದರೆ ಆ ತೀರ್ಪು ಗುರುಮಠದ ಪ್ರವೇಶ ನಿಯಮವನ್ನು ಮುಟ್ಟುವುದಿಲ್ಲ. ಅಮೆರಿಕದ ಯುನೈಟೆಡ್ ಮೆಥೋಡಿಸ್ಟರು 2024ರ ಮೇ ತಿಂಗಳಲ್ಲಿ ಸಲಿಂಗಿ ಪಾದ್ರಿಗಳ ಮೇಲಿನ ನಿಷೇಧ ತೆಗೆದರು. 1981ರಲ್ಲೇ ಸ್ವತಂತ್ರವಾದ ಭಾರತದ ಮೆಥೋಡಿಸ್ಟ್ ಸಭೆಗೆ ಅದು ಅನ್ವಯಿಸದು. 2025ರ ಜನವರಿಯಲ್ಲಿ ಇಟಲಿಯ ಧರ್ಮಾಧ್ಯಕ್ಷರು, ಅಭ್ಯರ್ಥಿಯ ಒಲವೊಂದನ್ನೇ ನೋಡದೆ ಅವನ ಇಡೀ ವ್ಯಕ್ತಿತ್ವದಲ್ಲಿಟ್ಟು ತೂಗಿರೆಂದು ತಮ್ಮ ಗುರುಮಠಗಳಿಗೆ ತಿಳಿಸಿದರು. ವ್ಯಾಟಿಕನ್ ಅದಕ್ಕೆ ಮೂರು ವರ್ಷದ ಪ್ರಾಯೋಗಿಕ ಒಪ್ಪಿಗೆ ಕೊಟ್ಟಿತು, ಆದರೆ 2005ರ ಸೂಚನೆಯನ್ನು ಹಿಂತೆಗೆದುಕೊಂಡಿಲ್ಲ. ಇಟಲಿಯ ಆ ಪುಟಗಳು ಜೆಪ್ಪುವಿಗೂ ಮಲ್ಲೇಶ್ವರಕ್ಕೂ ಅನ್ವಯಿಸುವುದಿಲ್ಲ.