ದೊರೊಹೆದೊರೊ

ಇದು ಜಪಾನಿನ ಮಾಂಗಾ ಕಲಾವಿದೆ ಕ್ಯೂ ಹಯಾಶಿದಾ 2000ದಿಂದ 2018ರವರೆಗೆ ಬರೆದ ಸರಣಿಯ ಹೆಸರು. ಒಟ್ಟು 23 ಸಂಪುಟಗಳು. ಓದಿ ಮೆಚ್ಚಿದವರು ಸೇರಿದರೆ ಮಾತು ಈ ಹೆಸರಿನತ್ತ ಹೊರಳುವುದು ಸಹಜ. ನಾಲಿಗೆಗೂ ಅದು ಅಂಟಿಕೊಳ್ಳುತ್ತದೆ.

‘ದೊರೊ’ ಎಂದರೆ ಕೆಸರು. ‘ಹೆದೊರೊ’ ಅದಕ್ಕಿಂತ ಹೊಲಸು: ಕೊಳೆತು ನಾರುತ್ತ ನೀರಿನ ತಳದಲ್ಲಿ ಕೂತ ರಾಡಿ. 1970ರ ಸುಮಾರಿಗೆ ಶಿಜುವೊಕಾದ ತಾಗೊನೊಉರಾ ಬಂದರಿನಲ್ಲಿ ಕಾಗದದ ಕಾರ್ಖಾನೆಗಳ ತ್ಯಾಜ್ಯ ಹೂಳಿನಂತೆ ತುಂಬಿಕೊಂಡಾಗ ಈ ಪದ ಜಪಾನಿನ ಮನೆಮಾತಾಯಿತು. 1971ರ ಗಾಡ್ಜಿಲ್ಲಾ ಸಿನಿಮಾದ ‘ಹೆದೊರಾ’ ರಾಕ್ಷಸನ ಹೆಸರು ಹುಟ್ಟಿದ್ದೂ ಇದರಿಂದಲೇ. ಜೊತೆಗೆ ‘ದೊರೊದೊರೊ’ ಎಂಬ ಜೋಡಿಪದವೂ ಕಿವಿಯಲ್ಲಿ ಮೊಳಗುತ್ತದೆ. ನಮ್ಮ ‘ಪಿಚಪಿಚ’ದ ಹಾಗೆ ಅದು ಅಂಟುಗೆಸರನ್ನು ಹೇಳುತ್ತದೆ; ಬಿಡಿಸಲಾರದಷ್ಟು ಸಿಕ್ಕಾದ ಮನುಷ್ಯಸಂಬಂಧಗಳಿಗೂ ಸಲ್ಲುತ್ತದೆ.

ಕಥೆಗೆ ಈ ಎರಡೂ ಅರ್ಥ ಒಪ್ಪುತ್ತವೆ. ಮಾಟಗಾರರು ‘ಹೋಲ್’ ಎಂಬ ಬಡ ಊರಿಗೆ ಬಂದು ಅಲ್ಲಿನ ಜನರ ಮೇಲೆ ಮಾಟ ಅಭ್ಯಾಸ ಮಾಡುತ್ತಾರೆ. ಅವರ ಮಾಟವೆಂದರೆ ಮೈಯಿಂದ ಹೊರಡುವ ಕಪ್ಪು ಹೊಗೆ. ಆ ಹೊಗೆ ಊರ ಮಳೆಯಲ್ಲಿ ಬೆರೆತು ಅವರಿಗೇ ವಿಷವಾಗುತ್ತದೆ. ಹಲ್ಲಿತಲೆಯ ಕೈಮನ್ ಸಿಕ್ಕ ಮಾಟಗಾರನ ತಲೆಯನ್ನು ಬಾಯಿಗೆ ತುರುಕಿಕೊಳ್ಳುತ್ತಾನೆ. ಹೊರತೆಗೆದು, ‘ನನ್ನ ಬಾಯೊಳಗಿದ್ದವನು ಏನೆಂದ?’ ಎಂದು ಅವನನ್ನೇ ವಿಚಾರಿಸುತ್ತಾನೆ. ಆಮೇಲೆ ಗೆಳತಿ ನಿಕಾಯ್ದೊಳ ಹೋಟೆಲಿನಲ್ಲಿ ತಟ್ಟೆಗಟ್ಟಲೆ ಗ್ಯೋಜಾ ಕಡುಬು ಬಾರಿಸುತ್ತಾನೆ. ರಕ್ತ, ನಗು, ಹಸಿವು ಒಂದೇ ಪುಟದಲ್ಲಿ. ಇಂಥ ಕಥೆಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚದು.