ಕಬೈಲ್ ಜನರ ಮನೆಮಾತು

1980ರ ಮಾರ್ಚ್ 10. ಅಲ್ಜೀರಿಯಾದ ಗುಡ್ಡಗಾಡು ಪಟ್ಟಣವಾದ ತಿಝಿ ಉಝುವಿನ ವಿಶ್ವವಿದ್ಯಾಲಯದಲ್ಲಿ ಅಂದು ಕಾದಂಬರಿಕಾರ ಮೌಲೂದ್ ಮಮ್ಮೇರಿ ಉಪನ್ಯಾಸ ನೀಡಬೇಕಿತ್ತು. ವಿಷಯ, ಕಬೈಲ್ ಜನರ ಪ್ರಾಚೀನ ಕಾವ್ಯ. ಅಧಿಕಾರಿಗಳು ಅವರನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಬಾಯಿಂದ ಬಾಯಿಗೆ ಬಂದ ಹಳೆಯ ಪದ್ಯಗಳಿಗೆ ಒಂದು ಸರಕಾರ ಇಷ್ಟೇಕೆ ಹೆದರಬೇಕು?

'ಕಬೈಲ್' ಎಂಬುದು ನಮ್ಮ ಉರ್ದುವಿನಲ್ಲೂ ಇರುವ 'ಕಬೀಲಾ' ಪದದ ಬಹುವಚನದಿಂದ ಬಂದದ್ದು, ಹೊರಗಿನವರು ಇಟ್ಟ ಹೆಸರು. 'ಬರ್ಬರ್' ಎಂಬುದೂ ಹಾಗೆಯೇ. ಕನ್ನಡದಲ್ಲಿ ಬರ್ಬರ ಎಂದರೇನೆಂದು ಹೇಳಬೇಕಿಲ್ಲ. ಉತ್ತರ ಆಫ್ರಿಕಾದ ಈ ಮೂಲನಿವಾಸಿಗಳು ತಮ್ಮನ್ನು ಕರೆದುಕೊಳ್ಳುವುದು ಇಮಾಝಿಗೆನ್ ಎಂದು. ಅವರ ಭಾಷೆ ತಮಾಝಿಗ್ತ್. ಅವರಲ್ಲಿ ಜುರ್ಜುರಾ ಬೆಟ್ಟಸಾಲಿನವರೇ ಕಬೈಲರು. ಇಸ್ಲಾಮನ್ನು ಅಪ್ಪಿಕೊಂಡರು, ಮನೆಮಾತನ್ನು ಬಿಡಲಿಲ್ಲ. ಕುರ್‌ಆನ್ ಅರಬಿಯಲ್ಲಿ, ಲಾಲಿಹಾಡು ಕಬೈಲಿಯಲ್ಲಿ. ಇದರಿಂದ ಈಮಾನಿಗೆ ಕುಂದು ಬಂತೆಂದು ಅವರಿಗೆ ಅನಿಸಲಿಲ್ಲ.

ಕೇಡು ಬಂದದ್ದು ಫ್ರೆಂಚರ ಜೊತೆ. ಕಬೈಲರು ಅರಬರಂತಲ್ಲ, ಅರೆಮನಸ್ಸಿನ ಮುಸಲ್ಮಾನರು, ಯುರೋಪಿಗೆ ಹತ್ತಿರದವರು ಎಂಬ ಕಟ್ಟುಕಥೆಯನ್ನು ಅವರು ಹಬ್ಬಿಸಿದರು. ಒಡೆದು ಆಳುವ ಈ ಪಾಠ ನಮಗೇನೂ ಹೊಸದಲ್ಲ. ಆದರೆ ನಡೆದದ್ದು ಬೇರೆಯೇ. 1850ರ ದಶಕದಲ್ಲಿ ಅದೇ ಫ್ರೆಂಚರ ವಿರುದ್ಧ ಬೆಟ್ಟದ ಜನರನ್ನು ಹುರಿದುಂಬಿಸಿ 1857ರಲ್ಲಿ ಸೆರೆಸಿಕ್ಕವರು ಲಲ್ಲಾ ಫಾತಿಮಾ ನ್‌ಸುಮೆರ್, ಸೂಫಿ ಮನೆತನದ ಹೆಣ್ಣುಮಗಳು. 1871ರಲ್ಲಿ ಮುಕ್ರಾನಿ ದಂಗೆ ಎದ್ದಾಗ ಜಿಹಾದ್ ಸಾರಿದವರು ರಹ್ಮಾನಿಯಾ ತರೀಕತ್‌ನ ವೃದ್ಧ ಶೇಖ್ ಅಲ್ ಹದ್ದಾದ್. ದಂಗೆ ಸೋತಿತು. ಜಮೀನುಗಳು ಮುಟ್ಟುಗೋಲಾದವು; ಬಂಡುಕೋರರನ್ನು ದೂರದ ಪೆಸಿಫಿಕ್ ದ್ವೀಪ ನ್ಯೂ ಕ್ಯಾಲೆಡೋನಿಯಾಕ್ಕೆ ಗಡೀಪಾರು ಮಾಡಲಾಯಿತು.

ಸ್ವಾತಂತ್ರ್ಯ ಸಮರದಲ್ಲಿ 1956ರ ಸುಮ್ಮಾಮ್ ಸಮ್ಮೇಳನ ನಡೆದದ್ದು ಇದೇ ನಾಡಿನಲ್ಲಿ. 1962ರ ಎವಿಯಾನ್ ಒಪ್ಪಂದಕ್ಕೆ ಅಲ್ಜೀರಿಯಾದ ಪರವಾಗಿ ಸಹಿ ಹಾಕಿದ ಕ್ರಿಮ್ ಬೆಲ್ಕಾಸಿಮ್ ಕಬೈಲರೇ. ಮರುವರ್ಷದ ಸಂವಿಧಾನದಲ್ಲಿ ಮಾತ್ರ ಅವರ ಭಾಷೆಗೆ ಒಂದು ಸಾಲಿನ ಜಾಗವೂ ಇರಲಿಲ್ಲ. ಫ್ರೆಂಚರು ತುಳಿದಿದ್ದ ಅರಬಿಯನ್ನು ಎತ್ತಿ ನಿಲ್ಲಿಸಿದ್ದು ನ್ಯಾಯವೇ. ಆದರೆ ತಮಾಝಿಗ್ತ್ ಎಂದವರನ್ನೆಲ್ಲ ಫ್ರೆಂಚರ ಬಾಲಂಗೋಚಿಗಳೆಂದು ಶಂಕಿಸಿದ್ದು, ಅಳಿದುಹೋದ ಒಡೆಯನ ಸುಳ್ಳನ್ನೇ ಹೊಸ ಸರಕಾರ ನಂಬಿದಂತಾಯಿತು. ಮಮ್ಮೇರಿಯವರನ್ನು ತಡೆದದ್ದು ಆ ಶಂಕೆಯೇ. ವಿದ್ಯಾರ್ಥಿಗಳು ಬೀದಿಗಿಳಿದರು, ಏಪ್ರಿಲ್ 20ರಂದು ಪೊಲೀಸರು ವಿಶ್ವವಿದ್ಯಾಲಯಕ್ಕೆ ನುಗ್ಗಿದರು. ಅದೇ 'ಬರ್ಬರ್ ವಸಂತ'.

2001ರಲ್ಲಿ ಠಾಣೆಯೊಳಗೆ ಒಬ್ಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮುಂದಿನ ಗಲಭೆಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2002ರಲ್ಲಿ ತಮಾಝಿಗ್ತ್ ರಾಷ್ಟ್ರೀಯ ಭಾಷೆಯಾಯಿತು, 2016ರಲ್ಲಿ ಅಧಿಕೃತ ಭಾಷೆಯೂ ಆಯಿತು. ಯಾವ ಲಿಪಿಯಲ್ಲಿ ಬರೆಯಬೇಕು, ಲ್ಯಾಟಿನ್ನೋ ಅರಬಿಯೋ ಪುರಾತನ ತಿಫಿನಾಗೋ ಎಂಬ ಜಗಳ ಮಾತ್ರ ತೀರಲಿಲ್ಲ. ಲಿಪಿಯ ಜಗಳ ಎಂಥದ್ದೆಂದು ಉರ್ದು ಓದಿದ ನಮಗೆ ಗೊತ್ತು. 2019ರಲ್ಲಿ ಸರಕಾರದ ವಿರುದ್ಧ ದೇಶವೆಲ್ಲ ಬೀದಿಗಿಳಿದಾಗ, ಅಮಾಝಿಗ್ ಬಾವುಟ ಹಿಡಿದ ಯುವಕರನ್ನು ಪೊಲೀಸರು ಹೆಕ್ಕಿ ಹೆಕ್ಕಿ ಜೈಲಿಗೆ ಕಳುಹಿಸಿದರು.